ದೊರೆಯ ಹುಳುಕು ಹಲ್ಲು

ನಮ್ಮಪ್ಪ ನಲವತ್ತು ವರ್ಷ ಟಿಬಿಯಲ್ಲಿದ್ದ. ಹೀಗೆಂದಾಗಲೆಲ್ಲ ಕೇಳಿದವರು ಅಯ್ಯೋ ಪಾಪ ಎನ್ನುತ್ತಾ ನನ್ನಿಂದ ಒಂದು ಹೆಜ್ಜೆ ದೂರ ಸರಿಯುತ್ತಾರೆ. ಕಾಯಿಲೆಯಲ್ಲ ಸ್ವಾಮಿ, ಟ್ರಾವೆಲರ್ಸ್ ಬಂಗಲೆ. ಸಾಹೇಬರುಗಳು ಇಳಿದುಕೊಳ್ಳಲೆಂದು ಇಂಗ್ಲಿಷರ ಕಾಲದಲ್ಲಿ ಕಟ್ಟಿದ್ದು. ಅಪ್ಪ ಅಲ್ಲಿ ಮೇಟಿ, ಅಂದರೆ ಅಡುಗೆಯೂ ಅವನದೇ, ಕಾವಲೂ ಅವನದೇ. ಅವನಿಗಿಂತ ಮುಂಚೆ ನಮ್ಮ ತಾತ ಅದೇ ಕೆಲಸದಲ್ಲಿದ್ದ. ಮಂಡ್ಯ ಸೀಮೆಯ ಆ ಬಂಗಲೆ ಯಾವ ಊರಿನದೆಂದು ಹೇಳುವುದಿಲ್ಲ. ಹೇಳಿದರೆ ಯಾರೋ ಒಬ್ಬ ಸಾಹೇಬರಿಗೆ ಇದು ತಮ್ಮ ಮಾತೇ ಅನ್ನಿಸಿ ಬೇಜಾರಾದೀತು.

ನಮ್ಮ ಕಡೆಯವರಿಗೆ ಒಂದು ಜಂಬವಿದೆ. ನಾವು ಮಹಾರಾಜರ ಪ್ರಜೆಗಳು, ಇಂಗ್ಲಿಷರು ನಮ್ಮನ್ನು ನೇರವಾಗಿ ಆಳಲೇ ಇಲ್ಲ ಎಂದು. ನಡುವೆ ಐವತ್ತು ವರ್ಷ ಅವರೇ ಆಳಿದ್ದನ್ನು ಯಾರೂ ನೆನೆಯುವುದಿಲ್ಲ. ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಟೀಚರಮ್ಮ. ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳಾವುವು ಎಂಬ ಪ್ರಶ್ನೆಗೆ ರೈಲು, ಅಂಚೆ, ಇಂಗ್ಲಿಷ್ ಶಿಕ್ಷಣ ಎಂದು ಮಕ್ಕಳಿಂದ ಬರೆಸುತ್ತೇನೆ. ಮುದ್ದೆಯ ವಿಷಯ ಬರೆಸಿದರೆ ಪೇಪರ್ ತಿದ್ದುವವರು ಸೊನ್ನೆ ಸುತ್ತುತ್ತಾರೆ.

ವಿಷಯ ಇಷ್ಟೆ. ತಾತನ ಕಾಲದಲ್ಲಿ ನಾಲೆ ಕೆಲಸಕ್ಕೆ ಬಂದ ಬಿಳಿ ಎಂಜಿನಿಯರ್ ದೊರೆಯೊಬ್ಬ ಬಂಗಲೆಯಲ್ಲಿ ಇಳಿದಿದ್ದನಂತೆ. ಕೂಲಿಯವರು ಏನು ತಿಂದು ಇಷ್ಟು ಮಣ್ಣು ಹೊರುತ್ತಾರೆಂದು ಅವನಿಗೆ ಕುತೂಹಲ. ತಾತ ಹಿಗ್ಗಿನಿಂದ ಮುದ್ದೆ, ಬಸ್ಸಾರು ಮಾಡಿ ಪಿಂಗಾಣಿ ತಟ್ಟೆಯಲ್ಲಿಟ್ಟ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹೇಳುವಷ್ಟು ಇಂಗ್ಲಿಷ್ ತಾತನಿಗೆ ಬರುತ್ತಿರಲಿಲ್ಲ. ದೊರೆ ಚಾಕುವಿನಿಂದ ಕೊಯ್ದು, ಫೋರ್ಕಿನಲ್ಲಿ ಚುಚ್ಚಿ, ಚೆನ್ನಾಗಿ ಅಗಿದ. ಅವನಿಗೊಂದು ಹುಳುಕು ಹಲ್ಲಿತ್ತು. ಹಿಟ್ಟು ಹೋಗಿ ಅದರೊಳಗೆ ಕೂತಿತು. ದವಡೆ ಹಿಡಿದುಕೊಂಡು ಅವನು ಇಂಗ್ಲಿಷಿನಲ್ಲಿ ಏನೇನೋ ಕಿರುಚಿದ. ಅದರಲ್ಲಿ ತಾತನಿಗೆ ತಿಳಿದದ್ದು 'ನೋ' ಎಂಬ ಒಂದೇ ಮಾತು. ಅಂದಿನಿಂದ ಬಂಗಲೆಯ ಅಡುಗೆಮನೆಯಲ್ಲಿ ಮುದ್ದೆ ತಿರುವುವುದು ನಿಂತುಹೋಯಿತು.

ದೊರೆ ಹೋದ, ಅವನ ಹಲ್ಲೂ ಹೋಯಿತು, ರಾಜ್ಯವೂ ಹೋಯಿತು. ಯಾವ ಕಡತದಲ್ಲೂ ಇಲ್ಲದ ಆ ರೂಲನ್ನು ಮಾತ್ರ ತಾತ ಕೆಲಸದ ಜೊತೆಗೇ ಅಪ್ಪನಿಗೆ ವಹಿಸಿಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮಪ್ಪ ಆ ಪೂಜಾರಿ. ತಾತನಿಂದ ಕಲಿತ ಕಸ್ಟರ್ಡನ್ನು ಅವನು ಕಸ್ಟಡ್ಡು ಅನ್ನುತ್ತಿದ್ದ. ನಮ್ಮೂರ ಬಾಯಲ್ಲಿ ಕಷ್ಟವೂ ಕಸ್ಟವೇ ಆದ್ದರಿಂದ, ತಿನ್ನುವವರ ಮುಖ ನೋಡಿದರೆ ಹೆಸರು ಸರಿಯಾಗಿಯೇ ಇತ್ತು. ಬರುವ ಸಾಹೇಬರುಗಳಲ್ಲಿ ಅರ್ಧ ಜನ ಮುದ್ದೆ ನುಂಗಿಯೇ ಬೆಳೆದವರು. ಅವರು ಕೇಳಲು ನಾಚುತ್ತಿದ್ದರು, ಅಪ್ಪ ಕೊಡಲು ಹೆದರುತ್ತಿದ್ದ. ಹಾಗಾಗಿ ಇಬ್ಬರ ನಡುವೆ ಒಂದು ಬಟ್ಟಲು ನೀರುನೀರಾದ ಸೂಪು. ಬಂಗಲೆಯ ಹಿಂಬದಿಯ ಕ್ವಾರ್ಟರ್ಸಿನಲ್ಲಿ ನಾವು ಮಾತ್ರ ದಿನಾ ಮುದ್ದೆ ಉಂಡು ತೇಗುತ್ತಿದ್ದೆವು. ಒಳಗೆ ಯಾಕೆ ಮಾಡಬಾರದು ಎಂದು ಒಮ್ಮೆ ಕೇಳಿದ್ದಕ್ಕೆ, ಅದು ದೊಡ್ಡವರ ಜಾಗ, ಅಲ್ಲಿ ಇಟ್ಟುಗಿಟ್ಟು ನಡೆಯುವುದಿಲ್ಲ ಎಂದಿದ್ದ. ಹಕಾರ ನುಂಗುವ ನಮ್ಮ ಬಾಯಲ್ಲಿ ಹಿಟ್ಟು ಇಟ್ಟಾಗುತ್ತದೆ, ಹಿಟ್ಟು ಅಂದರೂ ನಮ್ಮಲ್ಲಿ ಮುದ್ದೆಯೇ.

ಅಪ್ಪ ರಿಟೈರಾಗುವ ವರ್ಷ ಹೊಸ ಸಾಹೇಬರೊಬ್ಬರು ವರ್ಗವಾಗಿ ಬಂದರು. ಅವರ ಮನೆಗೆ ಸುಣ್ಣಬಣ್ಣ ಆಗುತ್ತಿದ್ದುದರಿಂದ ನಾಲ್ಕು ದಿನ ಬಂಗಲೆಯಲ್ಲೇ ಉಳಿದರು. ಜೊತೆಯಲ್ಲಿ ಹಲಗೂರಿನ ಆಚೆಯ ಹಳ್ಳಿಯಿಂದ ಕರೆತಂದಿದ್ದ ಅವರ ಮುದಿ ತಾಯಿ. ಸಾಹೇಬರು ಎಲ್ಲಿಯೂ ಹಕಾರ ಬಿದ್ದುಹೋಗದಂತೆ ಎಚ್ಚರದಿಂದ ಮಾತಾಡುತ್ತಿದ್ದರು. ಎಚ್ಚರ ಹೆಚ್ಚಾಗಿ ಒಮ್ಮೊಮ್ಮೆ ಬೇಡದ ಕಡೆಯೂ ಒಂದು ಸೇರಿಕೊಂಡು ಆಫೀಸು ಹಾಫೀಸಾಗುತ್ತಿತ್ತು. ತಾಯಿ ಬಾಯಿ ತೆರೆದರೆ ಅವರ ಕಿವಿ ಕೆಂಪಾಗುತ್ತಿತ್ತು. ಮೇಜಿಗೆ ಇಬ್ಬರಿಗೂ ಟೋಸ್ಟು, ಸೂಪು ಎಂದು ಅವರೇ ಹೇಳಿದ್ದರು.

ಮಗನೆದುರು ಅಜ್ಜಿ ಎರಡು ಚಮಚ ಕುಡಿದು ಸಾಕೆನ್ನುತ್ತಿದ್ದಳಂತೆ. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಭಾನುವಾರ, ಅಪ್ಪನನ್ನು ನೋಡಲು ನಾನು ಹೋಗಿದ್ದೆ. ಮಧ್ಯಾಹ್ನ ಸಾಹೇಬರು ಮುಂದಿನ ಜಗಲಿಯಲ್ಲಿ ಫೋನಿನಲ್ಲಿದ್ದಾಗ ಅಜ್ಜಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಒಂದು ಇಟ್ಟು ತಿರುವ್ಕೊಡಪ್ಪ," ಎಂದಳು. "ಎಲ್ಡು ದಿವ್ಸದಿಂದ ಒಟ್ಟೆ ಅಂಗೇ ಅದೆ."

ಅಪ್ಪ ಸೌಟು ಹಿಡಿದು ನಿಂತೇ ಇದ್ದ. ಕ್ವಾರ್ಟರ್ಸಿನಿಂದ ತಂದುಕೊಡುತ್ತೇನೆಂದು ನಾನು ಹೊರಟರೆ ಕೈ ಅಡ್ಡ ಹಿಡಿದ. ಸಾಹೇಬರ ತಾಯಿಗೆ ಮೇಟಿ ಮನೆಯ ಊಟ ಹಾಕಿದರು ಎಂಬ ಮಾತು ಬರುತ್ತದಂತೆ. ನನಗೆ ಮೈಯೆಲ್ಲ ಉರಿಯಿತು. ಹಸಿದ ಮುದುಕಿಯೆದುರು ನಿಂತು ಸತ್ತ ಬಿಳಿಯನ ಹಲ್ಲು ಕಾಯುತ್ತಿದ್ದ ಅಪ್ಪನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅವನು ಅಜ್ಜಿಗೆ ಒಂದು ಸ್ಟೂಲು ಎಳೆದುಕೊಟ್ಟು, ದೊರೆಯ ಕಥೆಯನ್ನು ಮೊದಲಿಂದ ಹೇಳಿದ. ಅವಳು ಕೂರಲೂ ಇಲ್ಲ, ನಗಲೂ ಇಲ್ಲ.

"ಆ ದೊರೆ ಈಗ ಎಲ್ಲವ್ನಪ್ಪ?"

"ಸತ್ತು ಯಾವ ಕಾಲ ಆಯ್ತೋ, ಅಮ್ಮಾವ್ರೆ."

"ಮತ್ತೆ ಯಾರ್ಗೆ ಎದುರ್ಕಂಡು ನಿಂತಿದ್ದೀಯೆ?"

ಅಪ್ಪ ಜಗಲಿಯ ಕಡೆ ನೋಡಿದ. ಸಾಹೇಬರು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು. ಅಮ್ಮಾವ್ರೆ ಅನ್ನುವುದನ್ನು ಬಿಟ್ಟು ಅಪ್ಪ ಮೆಲ್ಲಗೆ ಹೇಳಿದ.

"ನಿಮ್ ಮಗನ್ಗೆ ಕಣವ್ವ."

ಅಜ್ಜಿ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತಳು.

"ನಾನೂವೆ ಕಣಪ್ಪ," ಎಂದಳು.

ಅಪ್ಪ ಜಗಲಿ ಕಡೆಯ ಬಾಗಿಲು ಮುಚ್ಚಿ ಎಸರಿಟ್ಟ. ಮನೆಯಿಂದ ರಾಗಿ ಹಿಟ್ಟು ತಾ, ಯಾರಿಗೂ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಬಾ ಎಂದು ನನಗೆ ಕೈಸನ್ನೆಯಲ್ಲೇ ಹೇಳಿದ.