ಚಿಕ್ಕತಾಯವ್ವನ ಸೋಬಾನೆ

ನಿನ್ನ ಹಾಡನ್ನು ಕದ್ದವನು ನಾನೇ, ಚಿಕ್ಕತಾಯವ್ವ. ಓದಲು ಬಾರದ ನಿನಗೆ ಬರೆದು ಹೇಳುತ್ತಿದ್ದೇನೆ ನೋಡು — ಇದೂ ಒಂದು ಹೇಡಿತನವೇ.

ಮಾಂಬಳ್ಳಿಯಲ್ಲಿ ನನ್ನ ತಂಗಿ ಗೌರಿಯ ಮದುವೆಗೆ ನೀನು ಸೋಬಾನೆ ಹಾಡಿದೆ. ನಿನ್ನ ಅತ್ತೆಯಿಂದ ಕಲಿತ ಹಾಡು. ಹಸೆಮಣೆಯ ಮೇಲೆ ಕೂತವಳ ಹೆಸರನ್ನು ಅದರೊಳಗೆ ಸೇರಿಸುವುದು ನಿನ್ನ ರೂಢಿ. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೊಳ್ಳೇಗಾಲದ ನನ್ನ ಅಂಗಡಿಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಬಂದವರಿಗೆಲ್ಲ ಅದನ್ನೂ ಸೇರಿಸಿ ಕೊಟ್ಟೆ. ಫೋನಿನಿಂದ ಫೋನಿಗೆ ಹಾರಿ ಹನೂರು, ಒಡೆಯರಪಾಳ್ಯದವರೆಗೂ ಹೋಯಿತು. ಆಗ ಅದು ಕಳವು ಅನ್ನಿಸಿರಲಿಲ್ಲ — ಇಲ್ಲ, ಅನ್ನಿಸಿತ್ತು.

ಆಮೇಲೆ ಒಂದು ಮ್ಯೂಸಿಕ್ ಕಂಪನಿಯವರು ಫೋನ್ ಮಾಡಿ, ಹಾಡು ಯಾರದು ಎಂದು ಕೇಳಿದರು.

"ನಮ್ಮನೇದೇ ಸಾ, ನನ್ ತಂಗಿ ಎಸ್ರೇ ಅದ್ರೊಳ್ಗೆ ಅದೆ," ಎಂದೆ.

ನೀನು ಅಕ್ಕರೆಯಿಂದ ಸೇರಿಸಿದ ಹೆಸರನ್ನೇ ಸಾಕ್ಷಿ ಮಾಡಿಕೊಂಡೆನಲ್ಲ, ಥೂ! ಅವರು ಕಳಿಸಿದ ಕಾಗದಕ್ಕೆ ಸಹಿ ಹಾಕಿದೆ, ಹಾಡಿನ ಹಕ್ಕು ಪೂರ್ತಿ ಅವರಿಗೆ ಹೋಯಿತು.

ಹೋದ ವರ್ಷ ನಿನ್ನ ಮಗಳು ನಿನ್ನ ಸೋಬಾನೆಯನ್ನು ಯೂಟ್ಯೂಬಿಗೆ ಹಾಕಿದಳು. ಅದನ್ನು ನೋಡಿ ಮದುವೆಗೆ ಕರೆಯುವವರು ಹೆಚ್ಚಿದರು. ಕಂಪನಿಯವರು ಹಾಡು ತಮ್ಮದೆಂದು ದೂರು ಕೊಟ್ಟು ಅದನ್ನು ತೆಗೆಸಿದರು. ಮತ್ತೆ ಹಾಕಿದರೆ ಚಾನೆಲ್ಲೇ ಮುಚ್ಚುತ್ತದೆ ಎಂಬ ಎಚ್ಚರಿಕೆಯೂ ಬಂತು. ನೀನು ಫೋನ್ ಹಿಡಿದು ಬಂದದ್ದು — ನನ್ನ ಅಂಗಡಿಗೇ.

"ಮಗಾ, ನನ್ನಾಡ ನಾನೇ ಕದ್ದಿವ್ನಿ ಅಂತಲ್ಲ! ಯಾರ್ಲಾ ಇಂಗ್ ಮಾಡ್ದೋರು?"

"ಯಾರೋ ಬೆಂಗ್ಳೂರ್ನೋರು ಕಣವ್ವ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಕೊಂಚ ಅಳುಕಿರುತ್ತದೆ. ನಾನು ಟೀ ತರಿಸಿಕೊಟ್ಟೆ. "ನೀನಾರ ಇದ್ದೀಯಲ್ಲ, ಬುಡು," ಎಂದು ನನ್ನ ತಲೆ ಸವರಿ ಹೋದೆ ನೀನು.

ಕಂಪನಿಯವರನ್ನು ನಾನು ಎಷ್ಟೋ ಸಲ ಬೇಡಿದೆ. ಕೊಟ್ಟ ಹಕ್ಕು ವಾಪಸ್ಸಿಲ್ಲವಂತೆ. ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡರೆ ನನ್ನ ಮೇಲೆ ಕೇಸು. ಒಪ್ಪದಿದ್ದರೆ ನೀನು ಕಳ್ಳಿ. ಎತ್ತ ತಿರುಗಿದರೂ ಗೋಡೆ.

ಮೊನ್ನೆ ಯಳಂದೂರಿನ ಮದುವೆಮನೆಯಲ್ಲಿ ಹೆಂಗಸರು ಆ ಸೋಬಾನೆಯನ್ನೇ ಹಾಡೆಂದು ನಿನ್ನನ್ನು ಕಾಡಿದರು. "ಬ್ಯಾಡ ಕಣ್ರವ್ವ, ಅದು ನಮ್ದಲ್ವಂತೆ," ಎಂದೆ ನೀನು. ಸೋಬಾನೆ ಇಲ್ಲದೆಯೇ ಹುಡುಗಿಗೆ ಅರಿಶಿನ ಹಚ್ಚಿದರು. ನಾನು ಅಲ್ಲೇ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ನಿನ್ನದೇ ಕಣವ್ವ ಎನ್ನುವ ಬದಲು — ಎಲೆ ಅಡಿಕೆ ಹಂಚುತ್ತಾ ಹೋದೆ.

ಕೇಸಾದರೆ ಆಗಲಿ. ನಾಳೆ ಮಾಂಬಳ್ಳಿಗೆ ಬಂದು ನಿನ್ನ ಮಗಳ ಮುಂದೆಯೇ ಇದನ್ನು ಓದುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಬೀದಿಯಲ್ಲಿ ನಿಂತು ಓದುತ್ತೇನೆ.