ಎಲೆ ಹಾಕಿದ ಮೇಲೆ

ಮಧ್ಯಾಹ್ನ ಒಂದೂ ಹತ್ತು. ಜರಗನಹಳ್ಳಿಯ ಗೃಹಪ್ರವೇಶದಲ್ಲಿ ಎಲೆ ಹಾಕಿದ ಕೂಡಲೇ ನನ್ನ ಗಂಡ ಇನ್ಸುಲಿನ್ ಪುಡಿಯನ್ನು ಉಸಿರಿನೊಂದಿಗೆ ಒಳಗೆಳೆದುಕೊಂಡರು. ಸೂಜಿಯಿಲ್ಲದ ಈ ಔಷಧ ಬಲು ಬೇಗ ಕೆಲಸ ಮಾಡುತ್ತದೆ, ತಕ್ಷಣ ಉಣ್ಣಬೇಕು; ಇಲ್ಲದಿದ್ದರೆ ರಕ್ತದ ಸಕ್ಕರೆ ಕುಸಿದು ಮಂಕು ಕವಿಯುತ್ತದೆ. ಪಾಯಸ, ಪಲ್ಯ ಬಂದವು. ಅನ್ನ ಬರಲಿಲ್ಲ.

"ಪಾಯಸ ತಿನ್ನಿ ರೀ."

"ಪಂಕ್ತೀಲಿ ಯಾರೂ ಕೈಯಿಟ್ಟಿಲ್ಲ, ಸುಮ್ನಿರು. ಊಟ ಕಾಣದೋನು ಅಂತಾರೆ."

ಸ್ವಲ್ಪ ಹೊತ್ತಿಗೆ ಬೆವೆತ ಮುಖ ತಿರುಗಿಸಿ, "ನೀವು ಯಾರ ಕಡೆಯೋರು ಮೇಡಂ?" ಎಂದು ನನ್ನನ್ನೇ ಕೇಳಿದರು.

ಅವರ ಬಾಯಿಗೆ ಪಾಯಸವಿಟ್ಟೆ. ನುಂಗಿದರು. ಗುರುತು ಮೆಲ್ಲಗೆ ಮರಳಿತು.

ಆಮೇಲೆ ಎಷ್ಟೋ ರಾತ್ರಿ ಅವರನ್ನು ಎಬ್ಬಿಸಿ, "ನಾನು ಯಾರು?" ಎನ್ನುತ್ತಿದ್ದೆ. ಮೊನ್ನೆ ಯಡಿಯೂರಿನ ಮದುವೆಯಲ್ಲಿ ಅನ್ನ ಬಡಿಸಿದ ಮೇಲಷ್ಟೇ ಪುಡಿ ಎಳೆದುಕೊಂಡು, ಯಾರಿಗೂ ಕಾಯದೆ ಉಂಡರು. ಅಂದು ಇಬ್ಬರೂ ಬೆಳಗಿನವರೆಗೆ ನಿದ್ರಿಸಿದೆವು.