ವೀಣೆ ಬಿಟ್ಟ ರೇಡಿಯೋ

ಟೀವಿಯ ಹೆಸರೇ ಕೇಳದ ಕಾಲ ಅದು. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಇದ್ದದ್ದು ಒಂದೇ ರೇಡಿಯೋ, ಎದುರುಮನೆಯದು. ಸಂಜೆ ಕೃಷಿಕರ ಕಾರ್ಯಕ್ರಮಕ್ಕೆ ಮುನ್ನ ಅದರಲ್ಲಿ ವೀಣೆಯ ಗುರುತಿನ ರಾಗವೊಂದು ಬರುತ್ತಿತ್ತು. ಅದು ಕೇಳುವವರೆಗೂ ಮಗ್ಗದ ಗುಂಡಿಯಿಂದ ಕಾಲು ತೆಗೆಯಬಾರದು ಎನ್ನುವುದು ಅಪ್ಪನ ಕಟ್ಟಪ್ಪಣೆ. ಪಕ್ಕದ ಮಗ್ಗದಲ್ಲಿ ಕೂತ ನನಗೆ ಮಧ್ಯಾಹ್ನದಿಂದಲೇ ಚಡಪಡಿಕೆ. ಕೈ ಲಾಳಿ ಎಸೆಯುತ್ತಿದ್ದರೂ ಕಿವಿ ಮಾತ್ರ ಎದುರುಮನೆಯಲ್ಲೇ.

ಒಂದು ಸಂಜೆ ರೇಡಿಯೋ ನಿಲಯದವರು ವೀಣೆ ಬಿಟ್ಟು ಕೊಳಲು ಊದಿಸಿದರು. ಗೊಬ್ಬರದ ಮಾತು ಶುರುವಾದರೂ ಅಪ್ಪ ಏಳಲಿಲ್ಲ.

"ಕಾರ್ಯಕ್ರಮ ಬಂದೋಯ್ತು ಕಣಪ್ಪ," ಎಂದೆ.

"ಅದ್ಯಾವ್ದೋ ಬೇರೆ ಸ್ಟೇಷನ್ ಕಣ್ಲಾ. ನಮ್ದು ಇನ್ನೂ ಬಂದಿಲ್ಲ, ನೇಯಿ."

ಕತ್ತಲಲ್ಲಿ ಎಳೆ ಕಾಣದೆ ನಾನು ನೇಯುತ್ತಿದ್ದ ಸೀರೆಯ ಸೆರಗು ಹಾಳಾಯಿತು. ಮರುದಿನವೂ ಅದೇ ಕತೆ. ಅಪ್ಪನ ಹಟವನ್ನೂ ನಿಲಯದವರ ಹೊಸ ಶೋಕಿಯನ್ನೂ ಒಟ್ಟಿಗೇ ಬೈದುಕೊಂಡೆ. ಕೊಳಲಿಗೆ ಕಿವಿ ಒಗ್ಗುವ ಮೊದಲೇ ಅವರು ಅದಕ್ಕೆ ತಬಲಾ ಬೇರೆ ಸೇರಿಸಿದರು!

ಆ ಸಂಜೆ ಅಡುಗೆಮನೆಯಿಂದ ಹಳೆಯ ವೀಣೆಯ ರಾಗ ಕೇಳಿಸಿತು. ಅವ್ವ ಮುದ್ದೆ ತಿರುವುತ್ತ ಗುನುಗುತ್ತಿದ್ದಳು. ಅಪ್ಪ ಲಾಳಿ ಕೆಳಗಿಟ್ಟು, ಗುಂಡಿಯಿಂದ ಎದ್ದು ಕೈಕಾಲು ತೊಳೆಯಲು ಹೋದ.

ಅಂದಿನಿಂದ ನಮ್ಮ ಸ್ಟೇಷನ್ ಅಡುಗೆಮನೆಯಲ್ಲೇ. ಅವ್ವ ದಿನದಿಂದ ದಿನಕ್ಕೆ ಇಷ್ಟಿಷ್ಟೇ ಬೇಗ ಗುನುಗತೊಡಗಿದಳು. ಅಪ್ಪ ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಆ ಬೇಸಿಗೆ ಮುಗಿಯುವಷ್ಟರಲ್ಲಿ, ಬಿಸಿಲು ಇನ್ನೂ ಹೆಂಚಿನ ಮೇಲಿರುವಾಗಲೇ ನಮ್ಮ ಮನೆಗೆ ಸಂಜೆಯಾಗುತ್ತಿತ್ತು.